ಇನ್ನೂರ ಹದಿನಾಲ್ಕನೆಯ ಪುಟ

ನಾನೊಂದು ತೀರ್ಪುಗಳ ಪುಸ್ತಕ. ಹುಟ್ಟಿದ್ದು ಅಮೆರಿಕದ ಒಂದು ರಾಜ್ಯದ ರಾಜಧಾನಿಯಲ್ಲಿ, ಸರ್ಕಾರಿ ಮುದ್ರಣಾಲಯದಲ್ಲಿ. ಕರುವಿನ ಚರ್ಮದ ರಟ್ಟು, ಬೆನ್ನ ಮೇಲೆ ಚಿನ್ನದ ಅಕ್ಷರ. ಆ ದೇಶದಲ್ಲಿ ಶಾಸನಸಭೆ ಬರೆದದ್ದಷ್ಟೇ ಕಾನೂನಲ್ಲ. ಮೇಲಿನ ಕೋರ್ಟು ಒಮ್ಮೆ ಹೇಳಿದ ಮಾತಿಗೆ ಕೆಳಗಿನ ಕೋರ್ಟುಗಳು ತಲೆಬಾಗಲೇಬೇಕು. ಅಂಥ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಜಿಲ್ಲಾ ಕೋರ್ಟಿನ ಗ್ರಂಥಾಲಯಕ್ಕೆ ಬಂದೆ. ನನಗೆ ಜಂಬ ಇದ್ದದ್ದು ನಿಜ.

ವಕೀಲರು ತೆರೆಯುತ್ತಿದ್ದದ್ದು ಹೆಚ್ಚಾಗಿ ಇನ್ನೂರ ಹದಿನಾಲ್ಕನೆಯ ಪುಟ. ಜೊತೆ ಕೆಲಸಗಾರನ ತಪ್ಪಿನಿಂದ ಒಬ್ಬರಿಗೆ ಪೆಟ್ಟಾದರೆ ಮಾಲೀಕ ಹೊಣೆಯಲ್ಲ ಎಂದು ಅಲ್ಲಿತ್ತು. ಮೂವತ್ತು ವರ್ಷ ತಿರುವಿ ತಿರುವಿ ಅದರ ಅಂಚು ಕಪ್ಪಾಯಿತು. ಕಾಲು ಹೋದವರು, ಕಣ್ಣು ಹೋದವರು, ಯಾರು ಬಂದರೂ ಬರಿಗೈಯಲ್ಲಿ ಮರಳಿದರು.

ತೀರ್ಪುಗಳಿಗೂ ಸಾವುಂಟು. ಮೇಲಿನ ಕೋರ್ಟು ತನ್ನ ಹಳೆಯ ಮಾತನ್ನು ತಾನೇ ತಳ್ಳಿಹಾಕಿದರೆ, ಅದನ್ನು ತಿಳಿಸುವ ಅಂಟುಚೀಟಿ ಅಂಚೆಯಲ್ಲಿ ಬರುತ್ತಿತ್ತು. ಗ್ರಂಥಪಾಲಕ ಲೂಥರ್ ಪೀಬಡಿ ಅದನ್ನು ಆಯಾ ಪುಟದ ಅಂಚಿಗೆ ಅಂಟಿಸಬೇಕು. ಮನುಷ್ಯ ಒಳ್ಳೆಯವನೇ. ಆದರೆ ಕೆಲಸವನ್ನು ಕೂಡಿಹಾಕಿ ಒಂದೇ ದಿನ ಮುಗಿಸುವ ಚಾಳಿ. ಬಂದ ಲಕೋಟೆ ನೇರ ಮೇಜಿನ ಖಾನೆಗೆ.

ಒಂದು ಚಳಿಗಾಲ ಆಗ್ನೆಸ್ ಕೋವಾಲ್ ಎಂಬ ವಿಧವೆಯ ಮೊಕದ್ದಮೆ ಬಂತು. ಹತ್ತಿ ಗಿರಣಿಯಲ್ಲಿ ಅವಳು ಯಂತ್ರ ಒರೆಸುತ್ತಿದ್ದಾಗ ಇನ್ನೊಬ್ಬ ಕೆಲಸಗಾರ ಅದನ್ನು ಚಾಲೂ ಮಾಡಿಬಿಟ್ಟಿದ್ದ. ಬಲಗೈ ಹೋಯಿತು. ದುಡಿಯಲಾಗದೆ ಇಬ್ಬರು ಹೆಣ್ಣುಮಕ್ಕಳನ್ನು ಅನಾಥಾಲಯದಲ್ಲಿ ಬಿಟ್ಟಿದ್ದಳು. ಪರಿಹಾರ ಸಿಕ್ಕರೆ ಮಕ್ಕಳು ಮನೆಗೆ. ಇಲ್ಲದಿದ್ದರೆ ಅನಾಥಾಲಯದವರು ಅವರನ್ನು ರೈಲು ಹತ್ತಿಸಿ, ದೂರದ ಪಶ್ಚಿಮದಲ್ಲಿ ಯಾರು ಕೇಳಿದರೆ ಅವರಿಗೆ ಕೊಟ್ಟುಬಿಡುತ್ತಿದ್ದರು.

ಗಿರಣಿಯ ವಕೀಲ ನನ್ನನ್ನೆತ್ತಿಕೊಂಡು ಕೋರ್ಟಿಗೆ ಹೋದ. ಅವಳ ವಕೀಲನೂ ಅಂಚು ನೋಡಿದ, ಚೀಟಿ ಇರಲಿಲ್ಲ. ನ್ಯಾಯಾಧೀಶರು ಓದಿ ಮುಗಿಸಿ ಕನ್ನಡಕ ತೆಗೆದರು.

"ನಿಮ್ಮ ಕಷ್ಟ ನನಗೆ ಕಾಣುತ್ತೆ ತಾಯಿ. ಇದನ್ನು ಮೀರೋ ಅಧಿಕಾರ ನನಗಿಲ್ಲ."

ಮೇಲ್ಮನವಿಗೆ ಮೂವತ್ತು ದಿನವಿತ್ತು. ಯಾವ ಆಸೆಗೆ ಹೋಗೋಣ ಎಂದು ಅವಳ ವಕೀಲ ಕೈಚೆಲ್ಲಿದ.

ತೀರ್ಪಾದ ನಲವತ್ತನೆಯ ದಿನ ಪೀಬಡಿ ಖಾನೆ ಖಾಲಿ ಮಾಡಲು ಕೂತ. ನನ್ನ ಅಂಚಿಗೆ ಚೀಟಿ ಒತ್ತುತ್ತಿದ್ದವನ ಕೈ ಅಲ್ಲೇ ನಿಂತಿತು. ನನ್ನ ತೀರ್ಪು ರದ್ದಾದ ತಾರೀಕು ಅವಳ ವಿಚಾರಣೆಗಿಂತ ಹದಿನೈದು ದಿನ ಹಿಂದಿನದು. ಚೀಟಿಯ ಲಕೋಟೆಯೂ ವಿಚಾರಣೆಗೆ ಮೊದಲೇ ಬಂದು ಖಾನೆ ಸೇರಿತ್ತು. ಸತ್ತ ಮೇಲೂ ನಾನು ಅವಳನ್ನು ಸೋಲಿಸಿದ್ದೆ. ಅವನು ನ್ಯಾಯಾಧೀಶರ ಬಳಿ ಓಡಿದ. ಗಡುವು ಮೀರಿದೆ, ಮುಗಿದದ್ದನ್ನು ಮತ್ತೆ ತೆರೆಯುವಂತಿಲ್ಲ ಎಂದರು.

ಅವನೇ ಅವಳನ್ನು ಕರೆಸಿ, ತಲೆ ತಗ್ಗಿಸಿ ಎಲ್ಲ ಹೇಳಿದ. ಅವಳು ಎಡಗೈಯ ಬೆರಳಿನಿಂದ ಚೀಟಿಯನ್ನು ಮುಟ್ಟಿದಳು. ಅದು ಉಗುರಿನಷ್ಟಿತ್ತು.

"ಇನ್ನು ಮೇಲೆ ಕೈ ಹೋದೋರಿಗೆ ಪರಿಹಾರ ಸಿಗುತ್ತಾ?"

"ಸಿಗುತ್ತಮ್ಮಾ."

"ಮಕ್ಕಳು ಹೋದ ಮಂಗಳವಾರವೇ ರೈಲು ಹತ್ತಿದ್ರು" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪೀಬಡಿ ಮಕ್ಕಳಿಗಾಗಿ ಹತ್ತಾರು ಊರುಗಳಿಗೆ ಕಾಗದ ಬರೆದ. ಸಾಕಿದವರು ಹೆಸರು ಬದಲಿಸಿದ್ದರೋ ಏನೋ, ಪತ್ತೆಯಾಗಲೇ ಇಲ್ಲ.

ಈಗ ನಾನೊಂದು ಹೋಟೆಲಿನ ಕಪಾಟಿನಲ್ಲಿ ಅಲಂಕಾರಕ್ಕಿದ್ದೇನೆ. ನನ್ನನ್ನು ರದ್ದು ಮಾಡಿದ ತೀರ್ಪು ಬೇರೊಂದು ಪುಸ್ತಕದಲ್ಲಿ ಅಚ್ಚಾಗಿದೆ. ಅದರಿಂದ ಸಾವಿರಾರು ಮನೆ ಉಳಿಯಿತಂತೆ, ಉಳಿಯಲಿ. ಆಗ್ನೆಸಳ ಮೊಕದ್ದಮೆ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಕೆಳಗಿನ ಕೋರ್ಟಿನಲ್ಲಿ ಸೋತವರ ಕಥೆಯನ್ನು ಅಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.