ಸೌಂದರ್ಯ ಮೈದಾನಕ್ಕೆ ಇಳಿದ ದಿನ

ರಾಂಪುರದ ಕಡೆಯ ಒಂದು ಹಳ್ಳಿ. ಬೆಳಗಾದರೆ ಚಳ್ಳಕೆರೆಯಲ್ಲಿ ಹೈಸ್ಕೂಲ್ ಹುಡುಗಿಯರ ಖೋ ಖೋ ಫೈನಲ್. ಊರ ತಂಡದ ಜೀವಾಳವೇ ಸೌಂದರ್ಯ. ಅವಳೇ ಸಂಜೆ ಮುಟ್ಟಾಗಿಬಿಟ್ಟಳು. ಅಜ್ಜಿ ಬೋರಕ್ಕ ತಡ ಮಾಡಲಿಲ್ಲ. ಅಳುತ್ತಿದ್ದ ಮೊಮ್ಮಗಳ ಮುಂದೆ ಚಾಪೆ, ತಟ್ಟೆ, ಲೋಟ ಇಟ್ಟು ಊರಾಚೆಯ ಮುಟ್ಟಿನ ಗುಡಿಸಲಿನ ದಾರಿ ತೋರಿಸಿದಳು.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಶಾ ಕಾರ್ಯಕರ್ತೆ ವನಜಾಕ್ಷಿ ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಓಡಿಬಂದಳು. ಆ ಗುಡಿಸಲು ಅವಳಿಗೆ ಹೊಸದಲ್ಲ. ಏಳನೇ ತರಗತಿಯ ಪರೀಕ್ಷೆಯ ಹೊತ್ತಿಗೆ ಅವಳನ್ನೂ ಅಲ್ಲೇ ಕೂರಿಸಿದ್ದರು. ಚಳಿಜ್ವರದಲ್ಲಿ ನಡುಗುತ್ತಿದ್ದರೂ ಹೆತ್ತವ್ವ ಬಾಗಿಲಾಚೆ ನಿಂತು ಅತ್ತಳೇ ಹೊರತು ಹಣೆ ಮುಟ್ಟಿ ನೋಡಲಿಲ್ಲ. ಪರೀಕ್ಷೆ ಹೋಯಿತು, ಶಾಲೆಯೂ ಹೋಯಿತು, ಮರುವರ್ಷವೇ ಕೊರಳಿಗೆ ತಾಳಿ ಬಿತ್ತು. ಮಕ್ಕಳಾದ ಮೇಲೆ ಹಟ ಹಿಡಿದು ಹತ್ತನೇ ತರಗತಿ ಪಾಸು ಮಾಡಿದ ಹೆಣ್ಣು ಅವಳು. ಊರಿನ ಯಾವ ಹುಡುಗಿಗೆ ಅನ್ಯಾಯವಾದರೂ ಈಗ ಸುಮ್ಮನಿರುವ ಜಾಯಮಾನ ಅವಳದಲ್ಲ.

“ದೊಡ್ಡವ್ವ, ನಾಳೆ ಆಟ ಐತೆ. ಅವಳನ್ನ ಕಳಿಸ್ರಿ.”

“ಏನಂತ ಮಾತಾಡ್ತೀಯೇ ವನಜಾ? ದೇವ್ರು ಮುನಿದ್ರೆ ಯಾರು ಹೊಣೆ? ಅಲ್ಲಿ ಯಾರನ್ನಾದ್ರೂ ಮುಟ್ಟಿಬಿಟ್ರೆ?”

“ಮುಟ್ಟಲೇಬೇಕು! ಮುಟ್ಟಿ ಔಟ್ ಮಾಡೋದೇ ಖೋ ಖೋ!”

ಸೌಂದರ್ಯ ಅಳುತ್ತಲೇ ನಕ್ಕುಬಿಟ್ಟಳು. ಬೋರಕ್ಕ ನಗಲಿಲ್ಲ.

“ಇದು ಮೈಲಿಗೆ ಅಲ್ಲ ದೊಡ್ಡವ್ವ. ಮೈ ಬೆಳೆಯೋ ಲಕ್ಷಣ. ಅದಿಲ್ದಿದ್ರೆ ನೀವೂ ಹೆರ್ತಿರ್ಲಿಲ್ಲ, ನಾನೂ ಹೆರ್ತಿರ್ಲಿಲ್ಲ. ಒಳ್ಳೇ ಪ್ಯಾಡ್ ಇಟ್ಕೊಂಡು, ನಾಲ್ಕೈದು ಗಂಟೆಗೊಂದ್ಸಲ ಬದಲಾಯಿಸಿದ್ರೆ ಓಡಬಹುದು, ಹಾರಬಹುದು. ಗುಡಿಸ್ಲಲ್ಲಿ ಹಾವೋ ಚೇಳೋ ಕಚ್ಚಿದ್ರೆ ಯಾರು ಹೊಣೆ, ನೀವೇ ಹೇಳ್ರಿ.”

ಸೌಂದರ್ಯಳ ತಾಯಿ ಗೀತಮ್ಮ ಅತ್ತೆಯೆದುರು ಎಂದೂ ದನಿ ಎತ್ತಿದವಳಲ್ಲ. ಆ ಸಂಜೆ ಮಾತ್ರ ಚಾಪೆಯನ್ನು ಎತ್ತಿಕೊಂಡು ಹೋಗಿ ಮನೆಯೊಳಗೆ ಹಾಸಿದಳು. “ನನ್ನ ಮಗಳು ಇಲ್ಲೇ ಮಲಗ್ತಾಳೆ. ನಾಳೆ ಆಡೋಕೂ ಹೋಗ್ತಾಳೆ.”

“ಹಂಗಾದ್ರೆ ನಾನೂ ಬರ್ತೀನಿ. ಇವಳು ದಾರೀಲಿ ಗುಡಿ ಗಿಡಿ ಹೊಕ್ಕರೆ ತಡೆಯೋಕೆ ಒಬ್ರು ಬೇಕು,” ಎಂದು ಬೋರಕ್ಕ ಗೊಣಗಿದಳು. ಬೆಳಿಗ್ಗೆ ಬಸ್ಸಿನಲ್ಲಿ ಮೊಮ್ಮಗಳಿಂದ ದೂರದ ಸೀಟು ಹಿಡಿದು ಕೂತಳು.

ಮೈದಾನ ಕಿಕ್ಕಿರಿದಿತ್ತು. ಕೊನೆಯ ನಿಮಿಷ. ಎದುರು ತಂಡದಲ್ಲಿ ಉಳಿದ ಒಬ್ಬಳನ್ನು ಮುಟ್ಟಿದರೆ ಕಪ್ ಇವರದು. ಬೆನ್ನ ಮೇಲೆ “ಖೋ!” ಬಿದ್ದದ್ದೇ ಸೌಂದರ್ಯ ಚಿಮ್ಮಿದಳು. ಜೊತೆಗೇ ಬಂದಿದ್ದ ವನಜಾಕ್ಷಿ ಗೆರೆಯ ಬಳಿಗೇ ನುಗ್ಗಿದಳು. ಪಕ್ಕದಲ್ಲಿ ಯಾರೋ ಸೆರಗು ಸೊಂಟಕ್ಕೆ ಸಿಕ್ಕಿಸಿ ಅರಚುತ್ತಿದ್ದರು.

“ಬಿಡಬ್ಯಾಡ! ಮುಟ್ಟೇ ಸೌಂದರ್ಯಾ, ಮುಟ್ಟೇ!”

ತಿರುಗಿ ನೋಡಿದರೆ ಬೋರಕ್ಕ!

ಸೌಂದರ್ಯ ಹಾರಿ ಬಿದ್ದು ಮುಟ್ಟಿಯೇಬಿಟ್ಟಳು. ಗೆದ್ದರು! ಎಲ್ಲರಿಗಿಂತ ಮೊದಲು ಓಡಿ ಅವಳನ್ನು ತಬ್ಬಿಕೊಂಡವಳು ಬೋರಕ್ಕ.

“ಅಜ್ಜೀ, ನನ್ನ ಮುಟ್ಟಿಬಿಟ್ಟೆಯಲ್ಲ!” ಎಂದು ಸೌಂದರ್ಯ ಗಾಬರಿಯಾದಳು.

“ಮುಟ್ಟಿದ್ರೆ ಏನಾತು? ನೀನು ಹುಟ್ಟಿದಾಗ ಮೊದ್ಲು ಎತ್ಕೊಂಡೋಳೇ ನಾನು,” ಎಂದು ಬೋರಕ್ಕ ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ವನಜಾಕ್ಷಿಗೆ ಸಂತೋಷ ತಡೆಯಲಾಗಲಿಲ್ಲ. ಅವಳೂ ಓಡಿಹೋಗಿ ಇಬ್ಬರನ್ನೂ ತಬ್ಬಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆಳೆಯುವ ಹುಡುಗಿ ಇದ್ದಾಳಲ್ಲವೇ? ಮುಟ್ಟಾದ ದಿನ ಅವಳನ್ನು ಹೊರಗಿಡಬೇಡಿ. ಶುಚಿಯಾದ ಪ್ಯಾಡ್ ಕೊಡಿ, ಶಾಲೆಗೂ ಆಟಕ್ಕೂ ಕಳಿಸಿ. ಹೊಟ್ಟೆನೋವು ಹೆಚ್ಚಾದರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಈ ತಿಂಗಳಿಂದಲೇ ಶುರು ಮಾಡಿ. ಅವಳ ಪಕ್ಕದಲ್ಲೇ ಕೂತು ಊಟ ಮಾಡಿ.