ಎರಡೂ ಕಡೆಯ ಏಜೆಂಟು

ಹುಣಸೆಹಣ್ಣು ಕುಟ್ಟುವವರ ಬೆರಳುಗಳು ಬೇಸಿಗೆಯಲ್ಲಿ ಸೀಳಿಕೊಳ್ಳುತ್ತವೆ. ಸೀಳಿನೊಳಗೆ ಹುಳಿ ಇಳಿದರೆ ಅನ್ನ ಕಲಸುವುದಕ್ಕೂ ಆಗುವುದಿಲ್ಲ. ಮಧುಗಿರಿಯ ಮಂಡಿಯಲ್ಲಿ ಹದಿನೇಳು ವರ್ಷ ಅಂಥ ಬೆರಳುಗಳಲ್ಲೇ ಬೀಜ ಬಿಡಿಸಿದವಳು ಪುರವರದ ಕದರಮ್ಮ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದು ರಸ್ತೆ ಪಕ್ಕದ ಒಂದೆಕರೆ ಮತ್ತು ಮಗಳು ಪ್ರಿಯಾಂಕ.

ಯುಗಾದಿಯಾದ ವಾರಕ್ಕೆ ಪ್ರಿಯಾಂಕ ಪಾವಗಡದ ಗಂಡನ ಮನೆ ಬಿಟ್ಟು ಬಂದಳು. ಎಡಗೈ ಮಣಿಕಟ್ಟು ಊದಿತ್ತು. ಗಂಡ ತಿರುಚಿದ್ದ. "ಎಲ್ಲಿದ್ರೂ ಎಳ್ಕಂಡ್ ಬತ್ತೀನಿ" ಎಂದು ಫೋನಿನಲ್ಲಿ ಕೂಗಿದ್ದ. ಕದರಮ್ಮ ಅತ್ತು ಕೂರಲಿಲ್ಲ. ಜಮೀನು ಮಾರಿ, ತುಮಕೂರಿನಲ್ಲಿ ಯಾರಿಗೂ ತಿಳಿಯದಂತೆ ಮನೆ ಹಿಡಿದು, ಮಗಳಿಗೆ ಹೊಲಿಗೆ ಮಿಷನ್ ಹಾಕಿಕೊಡುವುದೆಂದು ತೀರ್ಮಾನಿಸಿದಳು.

ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನಾಗಭೂಷಣನ ರಿಯಲ್ ಎಸ್ಟೇಟ್ ಆಫೀಸು. ಅವನ ಮುಂದೆ ಕೂತು ಕದರಮ್ಮ ಎಲ್ಲ ಹೇಳಿಕೊಂಡಳು.

"ಇಪ್ಪತ್ತೆಂಟು ಲಕ್ಷ ಕೇಳಣ್ಣ. ಆಗಲೇ ಇಲ್ಲ ಅಂದ್ರೆ ಇಪ್ಪತ್ತೆರಡಕ್ಕಾದ್ರೂ ಬುಟ್ಬುಡ್ತೀನಿ. ಮುಂದಿನ ಶನಿವಾರದೊಳಗೆ ತುಮಕೂರಿನ ಶಿರಾ ಗೇಟ್ ಮನೆಗೆ ಅಡ್ವಾನ್ಸ್ ಕಟ್ಬೇಕು. ಡಾಕ್ಟ್ರತ್ರ ಹೇಳ್ದಂಗೆ ಹೇಳ್ತಿದೀನಿ. ಯಾರ್ ಮುಂದೂ ಬಾಯಿ ಬುಡ್ಬೇಡ."

"ನಾನು ನಿನ್ನ ಕಡೆಯೋನು ಕಣಮ್ಮ. ಕಮಿಷನ್ ಕೊಡೋಳು ನೀನಲ್ವಾ?" ಎಂದ ನಾಗಭೂಷಣ.

ನಾಲ್ಕೇ ದಿನಕ್ಕೆ ಗಿರಾಕಿ ಬಂದ. ಕಲ್ಯಾಣ ಮಂಟಪ ಕಟ್ಟಲು ಜಾಗ ಹುಡುಕುತ್ತಿದ್ದ ವರ್ತಕ ವೃಷಭೇಂದ್ರಪ್ಪ. ಹೊಲದ ಬದುವಿನ ಮೇಲೆ ನಿಂತು ಅವನು ಹೇಳಿದ್ದು ಒಂದೇ ಮಾತು: "ಇಪ್ಪತ್ತೆರಡು." ಕದರಮ್ಮ ಎಷ್ಟು ಬೇಡಿದರೂ ಅವನು ಕದಲಲಿಲ್ಲ. "ಈಗಿನ ಮಾರ್ಕೆಟ್ಟೇ ಇಷ್ಟು, ಒಪ್ಕೊ" ಎಂದ ನಾಗಭೂಷಣ. ಟೋಕನ್ ಹಣ ಕೈಗಿಟ್ಟರು.

ಗುರುವಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿ ತುಂಬಾ ಜನ. ಮಗಳೂ ಸಹಿ ಹಾಕಬೇಕಾದ್ದರಿಂದ ಪ್ರಿಯಾಂಕ ಬಂದಿದ್ದಳು. ಕದರಮ್ಮ ಕೊನೆಯದಾಗಿ ಕೈಮುಗಿದಳು.

"ಒಂದ್ ಲಕ್ಷ ಆದ್ರೂ ಸೇರ್ಸಿ ಸ್ವಾಮಿ."

ವೃಷಭೇಂದ್ರಪ್ಪ ನಕ್ಕ. "ಶನಿವಾರ ಶಿರಾ ಗೇಟ್ ಮನೆಗೆ ಅಡ್ವಾನ್ಸ್ ಕಟ್ಬೇಕಂತಲ್ಲ? ಪಾವಗಡದ ಅಳಿಯಂಗೆ ವಿಷಯ ಮುಟ್ಟೋದ್ರೊಳಗೆ ಸಹಿ ಹಾಕಿ ಹೊರಟ್ಬುಡಿ. ನಿಮಗೇ ಒಳ್ಳೇದು."

ಕದರಮ್ಮ ನಾಗಭೂಷಣನ ಕಡೆ ತಿರುಗಿದಳು. ಈ ಮಾತನ್ನು ಅವಳು ಆಡಿದ್ದು ಒಬ್ಬನ ಮುಂದೆ ಮಾತ್ರ. ಪ್ರಿಯಾಂಕ ಅಮ್ಮನ ಪಕ್ಕಕ್ಕೆ ಸರಿದಳು. ನಾಗಭೂಷಣ ಫೋನು ನೋಡುತ್ತ ನಿಂತಿದ್ದ.

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಗುಮಾಸ್ತ ಕಾಗದ ತಿರುವುತ್ತ ರೂಢಿಯಂತೆ ಕೇಳಿದ: "ನಿಮ್ಮ ಸ್ವಂತ ಇಷ್ಟದಿಂದ ಬರ್ಕೊಡ್ತಿದೀರೇನಮ್ಮ?"

"ಇಲ್ಲ" ಎಂದಳು ಕದರಮ್ಮ.

ಗುಮಾಸ್ತ ತಲೆಯೆತ್ತಿದ. ನಾಗಭೂಷಣ ಓಡಿ ಬಂದ. "ತಲೆ ಕೆಟ್ಟೈತಾ ನಿಂಗೆ? ಟೋಕನ್ ಈಸ್ಕಂಡಿದೀಯ. ಕೇಸ್ ಹಾಕ್ತಾರೆ!"

"ಹಾಕ್ಲಿ. ಯಾಕೆ ಒಲ್ಲೆ ಅಂದೆ ಅಂತ ಜಡ್ಜು ಕೇಳ್ತಾರಲ್ಲ, ಆಗ ನಿನ್ನೆಸ್ರು ಹೇಳ್ತೀನಿ. ಅವ್ರತ್ರ ಎಷ್ಟ್ ಈಸ್ಕಂಡೆ?"

"ಎರಡೂ ಕಡೆ ಕೆಲ್ಸ ಮಾಡ್ತೀನಿ, ಎರಡೂ ಕಡೆ ಕಮಿಷನ್. ಎಲ್ಲಾ ಕಡೆ ಇರೋ ರೂಢಿ ಅದು."

"ಅವರ ಕಡೇನೂ ಇದೀನಿ ಅಂತ ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ಬಾಯಿ ಬುಡ್ತಿದ್ನಾ? ನೀನು ಮಾರಿದ್ದು ಹೊಲ ಅಲ್ಲ ಕಣಯ್ಯ, ನನ್ನ ಮಗಳ ಜೀವ!"

ಅವಳ ದನಿ ಜಗಲಿಯವರೆಗೂ ಕೇಳಿತು. ಸರದಿಯಲ್ಲಿದ್ದ ಐ.ಡಿ.ಹಳ್ಳಿಯ ಮುದುಕ ದೊಡ್ಡರಂಗಪ್ಪ ಊರುಗೋಲು ಹಿಡಿದು ಬಾಗಿಲಿಗೆ ಬಂದ. ಅವನ ಕೈಯಲ್ಲೂ ಕಾಗದದ ಕಟ್ಟಿತ್ತು.

"ನಂದೂ ಇವ್ನೇ ಕಣಮ್ಮ ಮಾರ್ಸ್ತಿರೋದು. ನನ್ನ ಮಕ್ಕಳ ಜಗಳ ಇವ್ನತ್ರ ಹೇಳ್ಕಂಡಿದ್ದೆ. ಮಾರನೇ ದಿನವೇ ಗಿರಾಕಿ ರೇಟ್ ಇಳಿಸ್ದ. ಹೆಂಗ್ ಗೊತ್ತಾಯ್ತೋ ಅಂದ್ಕಂಡಿದ್ದೆ." ಅವನು ನಾಗಭೂಷಣನನ್ನು ದಿಟ್ಟಿಸಿದ. "ಲೇ, ನಾನೂ ಸಹಿ ಹಾಕಲ್ಲ ಕಣ್ಲಾ."

ಹಿಂದಿನಿಂದ ಇನ್ನೊಬ್ಬ ಹೆಂಗಸು ತನ್ನ ಕಾಗದವನ್ನು ಸೆರಗಿನೊಳಗೆ ಸೇರಿಸಿಕೊಂಡಳು. ವೃಷಭೇಂದ್ರಪ್ಪ ಸದ್ದಿಲ್ಲದೆ ಕಾರಿನ ಕಡೆ ನಡೆದ.

ಹೊರಗೆ ಬಂದ ಮೇಲೆ ಕದರಮ್ಮ ಮೆಟ್ಟಿಲ ಮೇಲೆ ಕೂತಳು. "ತುಮಕೂರಿನ ಮನೆ ಹೋಯ್ತು ಕಣೇ. ಈಗ ಎಲ್ಲಿ ಬಚ್ಚಿಡ್ಲಿ ನಿನ್ನ?"

ಪ್ರಿಯಾಂಕ ಅಮ್ಮನ ತೋಳು ಹಿಡಿದಳು. "ತಪ್ಪು ಮಾಡಿದೋನು ನನ್ ಗಂಡ. ನಾನ್ಯಾಕೆ ಬಚ್ಚಿಟ್ಕಬೇಕು? ನಡಿ, ಸ್ಟೇಷನ್ನಿಗೆ."

"ಆ ಬ್ರೋಕರ್ ಮೇಲೂ ಬರ್ಸಮ್ಮ, ಸಾಕ್ಷಿಗೆ ನಾನಿದೀನಿ" ಎಂದು ದೊಡ್ಡರಂಗಪ್ಪ ಹಿಂದೆಯೇ ಹೊರಟ.

ಪೊಲೀಸ್ ಠಾಣೆಯಲ್ಲಿ ಪ್ರಿಯಾಂಕ ಮಣಿಕಟ್ಟು ತೋರಿಸಿ ಗಂಡನ ಹೆಸರು ಹೇಳಿದಳು. ಆಮೇಲೆ ಬ್ರೋಕರನ ಹೆಸರು, ಗಿರಾಕಿಯ ಹೆಸರು. ಪೇದೆ ಪೆನ್ನು ತಡೆದು, "ನೀವೀಗ ಇರೋ ವಿಳಾಸ ಬರೀಲೇನಮ್ಮ? ಗಂಡನ ಕಡೆಯವರಿಗೆ ಗೊತ್ತಾಗುತ್ತೆ" ಎಂದ.

"ಬರ್ಕಳಿ ಸಾರ್" ಎಂದಳು ಪ್ರಿಯಾಂಕ. "ಪುರವರ, ಹಾಲಿನ ಡೈರಿ ಹಿಂದಿನ ಮನೆ. ದೊಡ್ಡಕ್ಷರದಲ್ಲಿ ಬರ್ಕಳಿ."