ಬೇಕಂತಲೇ ಮಾಡಿದ ತಪ್ಪು

ಲೆಕ್ಕದ ಮಿಸ್ ದಿನಾ ಬೋರ್ಡಿನ ಮೇಲೆ ಬೇಕಂತಲೇ ಒಂದು ತಪ್ಪು ಮಾಡುತ್ತಿದ್ದರು. ಕಂಡುಹಿಡಿದವರಿಗೆ ಚಪ್ಪಾಳೆ. ತಪ್ಪೆಂದರೆ ಮುದುಡಿಕೊಂಡು ಕೂರುತ್ತಿದ್ದ ಮಕ್ಕಳ ಭಯ ಬಿಡಿಸಲು ಹೂಡಿದ ಉಪಾಯ ಅದು. ಇನ್ನು ಮಕ್ಕಳೇ ತಪ್ಪಿದರೆ, ಬೇರೆ ಯಾರೂ ಬಾಯಿ ಹಾಕುವಂತಿಲ್ಲ. ತಪ್ಪಿದವರೇ ತಪ್ಪಿದ ಸಾಲನ್ನು ಹುಡುಕಬೇಕು, ಉಳಿದವರು ತೆಪ್ಪಗೆ ಕಾಯಬೇಕು. ‘ಅಳುಮುಂಜಿ’ ಎಂದು ಹೆಸರು ಬಿದ್ದಿದ್ದ ಹುಡುಗಿಯೊಬ್ಬಳು ಹೀಗೇ ಬೋರ್ಡಿನ ಮುಂದೆ ನಿಂತೂ ನಿಂತೂ ಲೆಕ್ಕ ಕಲಿತಿದ್ದಳು. ಮಿಸ್‌ಗೆ ಅವಳೆಂದರೆ ಪ್ರಾಣ.

ಆದರೆ ಕೆಲವು ತಿಂಗಳಿಂದ ಮಿಸ್ ಬರೆಯುವುದರಲ್ಲಿ ಬೇಡದ ತಪ್ಪುಗಳೂ ನುಸುಳತೊಡಗಿದ್ದವು. ಶಾಲೆಯ ಹೊರಗಂತೂ ಕೇಳುವುದೇ ಬೇಡ. ಒಲೆ ಹಚ್ಚಿ ಮರೆತರು, ಇಳಿಯುವ ಸ್ಟಾಪು ಮರೆತರು, ಒಂದು ದಿನ ಜೊತೆಗಿರುವ ತಂಗಿಯನ್ನೇ "ಯಾರು ಬೇಕಾಗಿತ್ತು?" ಎಂದು ಬಾಗಿಲಲ್ಲಿ ನಿಲ್ಲಿಸಿದರು. ಡಾಕ್ಟರು ಸ್ಕ್ಯಾನ್ ನೋಡಿ, ಈ ಮರೆವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು ಎಂದರು.

"ಸ್ಕೂಲಲ್ಲಿ ಹೇಳ್ಬಿಡಕ್ಕಾ," ತಂಗಿ ಅಂಗಲಾಚಿದಳು.

"ಹೇಳಿ? ಮನೇಲಿ ಕೂತು ಗೋಡೆ ನೋಡ್ಲಾ? ನನ್ನ ತಪ್ಪು ನನ್ನ ಕಣ್ಣಿಗೆ ಕಾಣ್ತಿರೋವರೆಗೂ ಪಾಠ ಮಾಡ್ತೀನಿ ಕಣೇ. ಕಾಣದಿದ್ದ ದಿನ ನಾನೇ ಬಿಟ್ಟು ಬರ್ತೀನಿ."

ಹೆದರಿಕೆ ಇರಲಿಲ್ಲವೇ? ದಿನಾ ಹೆದರಿಕೊಂಡೇ ಹೋಗುತ್ತಿದ್ದರು, ಪಾಪ. ಆದರೆ ತಪ್ಪು ಬಚ್ಚಿಡಲು ಆ ಕ್ಲಾಸಿಗಿಂತ ಒಳ್ಳೇ ಜಾಗ ಇನ್ನೆಲ್ಲಿ ಸಿಗಬೇಕು! "ಮಿಸ್, ಇವತ್ತು ಎರಡು ತಪ್ಪು!" ಎಂದು ಮಕ್ಕಳು ಕುಣಿಯುತ್ತಿದ್ದರು. "ಭಲೇ, ಎರಡನ್ನೂ ಹಿಡಿದ್ರಲ್ಲ!" ಎಂದು ಇವರು ನಗುತ್ತಿದ್ದರು. ಆಮೇಲೆ ಸ್ಟಾಫ್ ರೂಮಿಗೆ ಬಂದು ಮುಖ ತೊಳೆದುಕೊಳ್ಳುತ್ತಿದ್ದರು.

ಆ ಸೋಮವಾರ ಮೂರನೇ ಒಂದಕ್ಕೆ ನಾಲ್ಕನೇ ಒಂದನ್ನು ಕೂಡಿಸಿ, ಏಳನೇ ಎರಡು ಎಂದು ಬರೆದರು. ಕೆಳಗಿನ ಅಂಕಿಗೆ ಕೆಳಗಿನ ಅಂಕಿಯನ್ನೇ ಕೂಡಿಸಿಬಿಟ್ಟಿದ್ದರು. ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ಅಳುಮುಂಜಿ ನಗಲಿಲ್ಲ.

"ಮಿಸ್, ಇದು ಬೇಕಂತ ಮಾಡಿದ್ದಾ?"

ಹೌದು ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆ ಹುಡುಗಿಯ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾಯೇ ಬರಲಿಲ್ಲ.

"ಇಲ್ಲ ಮಗಾ. ಏನು ತಪ್ಪಾಗಿದೆ?"

"ಕೆಳಗಡೆ..." ಎಂದು ಒಬ್ಬ ಬಾಯಿ ತೆರೆದ.

"ಶ್! ಹೇಳ್ಬೇಡ್ವೋ. ಮಿಸ್ಸೇ ಹುಡುಕ್ತಾರೆ," ಎಂದು ಹುಡುಗಿ ಗದರಿದಳು.

ಇಡೀ ತರಗತಿ ಕೈಕಟ್ಟಿ ಕಾಯತೊಡಗಿತು. ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿದವು, ಪಾಪದವು. ಮಿಸ್ ಮೊದಲ ಸಾಲಿನಿಂದ ಬೆರಳಿಟ್ಟು ಓದಿದರು. ತಪ್ಪಿನ ಮೇಲೇ ಬೆರಳು ಹಾದುಹೋಯಿತು. ಮತ್ತೆ ಓದಿದರು.

"ಎಲ್ಲಾ ಸರಿಯಾಗೇ ಇದೆಯಲ್ರೋ," ಎಂದರು. ಹಾಗೆಂದ ಕೂಡಲೇ, ತಂಗಿಗೆ ಹೇಳಿದ ಆ ದಿನ ಇದೇ ಎಂದು ಹೊಳೆಯಿತು.

ಹುಡುಗಿ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡಳು. ಕೆಳಗೆ ಹನ್ನೆರಡು ಯಾಕೆ ಬರಬೇಕು, ಮೇಲೆ ನಾಲ್ಕೂ ಮೂರೂ ಎಲ್ಲಿಂದ ಬಂದವು, ಎಲ್ಲವನ್ನೂ ಮಿಸ್ ತನಗೆ ಹೇಳಿಕೊಟ್ಟ ಹಾಗೇ ಬಿಡಿಸಿ ಹೇಳಿದಳು.

"ಹೂಂ, ಗೊತ್ತಾಯ್ತು," ಎಂದು ಮಿಸ್ ತಲೆಯಾಡಿಸಿದರು.

ಏನೂ ತಿಳಿಯದ ಮಕ್ಕಳು ಹಾಗೆ ತಲೆಯಾಡಿಸುವುದನ್ನು ಅವರು ಜೀವಮಾನವೆಲ್ಲ ನೋಡಿದ್ದರು. ಒಬ್ಬರನ್ನೂ ಅಷ್ಟಕ್ಕೇ ಕೂರಲು ಬಿಟ್ಟಿರಲಿಲ್ಲ.

"ಗೊತ್ತಾಗಿಲ್ಲ ನಿಮ್ಗೆ," ಎಂದಳು ಹುಡುಗಿ, ಕಣ್ಣು ತುಂಬಿಕೊಂಡು. "ಇನ್ನೊಂದ್ಸಲ ಹೇಳ್ತೀನಿ ಮಿಸ್. ನೋಡಿ."